ಡ್ರಾ ಆದ ಆಟವನ್ನು ಬಿಡಿಸಿ ನೋಡೋಣ: ಫಿಷರ್–ತಾಲ್, ಲೈಪ್‌ಜಿಗ್ 1960

ಬಿಳಿ ಕಾಯಿಯ ಬಾಬಿ ಫಿಷರ್ ಮತ್ತು ಕಪ್ಪು ಕಾಯಿಯ ಮಿಖಾಯಿಲ್ ತಾಲ್ ಆಡಿದ ಈ ಚೆಸ್ ಆಟ ಮುಗಿದಿದೆ. ಮಣೆಯ ಮೇಲೆ ಏನೇನು ಉಳಿದಿದೆ ಅಂತ ಮೊದಲು ಎಣಿಸೋಣ. ಬಿಳಿಗೆ ರಾಜ, ರಾಣಿ, ಒಂದು ಆನೆ, ಐದು ಕಾಲಾಳು. ಕಪ್ಪಿಗೆ ರಾಜ, ರಾಣಿ, ಒಂದು ಕುದುರೆ, ನಾಲ್ಕು ಕಾಲಾಳು. ಆನೆಗೆ 5, ಕುದುರೆಗೆ 3, ಕಾಲಾಳಿಗೆ 1 ಅಂತ ಲೆಕ್ಕ ಹಾಕಿದರೆ ಬಿಳಿ 3 ಅಂಕ ಮುಂದಿದೆ. ಈ ಮಟ್ಟದ ಆಟಗಾರರಿಗೆ ಗೆಲ್ಲಲು ಇಷ್ಟು ಸಾಕಾಗುತ್ತದೆ. ಆದರೂ 21ನೇ ನಡೆಗೆ ಇಬ್ಬರೂ ಕೈಕುಲುಕಿ ಅರ್ಧರ್ಧ ಅಂಕ ಹಂಚಿಕೊಂಡು ಎದ್ದರು.

ಯಾಕೆ? ಈ ಒಂದು ಪ್ರಶ್ನೆಗೆ ಸರಿಯಾಗಿ ಉತ್ತರ ಸಿಕ್ಕರೆ ಡ್ರಾ ಅನ್ನುವುದರ ಬಗ್ಗೆ ನಮಗಿರುವ ಅರ್ಧ ತಪ್ಪು ತಿಳಿವಳಿಕೆ ಹೋಗುತ್ತದೆ.

ನನಗೆ ಈ ಆಟ ಮತ್ತೆ ನೆನಪಾಗಿದ್ದು ಅಕ್ಕನ ಮಗಳಿಂದ. ಅವಳಿಗೆ ಹನ್ನೊಂದು ವರ್ಷ. ಶಾಲೆಗಳ ಟೂರ್ನಿಯಲ್ಲಿ ಆಡಿ ಬಂದವಳು ಮುಖ ಊದಿಸಿಕೊಂಡು ಕೂತಿದ್ದಳು. "ಎರಡು ಆಟ ವೇಸ್ಟ್ ಆಯ್ತು ಮಾಮ, ಬರೀ ಡ್ರಾ" ಅಂದಳು. ಡ್ರಾ ಅಂದರೆ ಏನೂ ಆಗಲಿಲ್ಲ ಅಂತ ಅವಳ ಲೆಕ್ಕ. ದೊಡ್ಡವರೂ ಹಾಗೇ ಅಂದುಕೊಳ್ಳುತ್ತಾರೆ. 2018ರಲ್ಲಿ ಲಂಡನ್‌ನಲ್ಲಿ ಕಾರ್ಲ್‌ಸನ್ ಮತ್ತು ಕರುವಾನ ವಿಶ್ವ ಚಾಂಪಿಯನ್ ಪಟ್ಟಕ್ಕೆ ಆಡಿದಾಗ 12 ಆಟಕ್ಕೆ 12 ಆಟವೂ ಡ್ರಾ ಆದವು. ಸುದ್ದಿ ಓದಿದ ಎಷ್ಟೋ ಜನಕ್ಕೆ ಇದೆಂಥ ಆಟ ಅನ್ನಿಸಿತು. ಫಲಿತಾಂಶ ಮಾತ್ರ ಓದಿದರೆ ಹಾಗನ್ನಿಸುವುದು ಸಹಜ. ಡ್ರಾ ಆದ ಆಟ ಬಾಯಿಬಿಡಬೇಕಾದರೆ ನಡೆ ನಡೆಯಾಗಿ ಓದಬೇಕು.

ಅವತ್ತು ಸಂಜೆ ಮನೆಯ ಹಳೇ ಮರದ ಸೆಟ್ ತೆಗೆದು ಹರವಿದೆವು. ಅದರಲ್ಲಿ ಒಂದು ಕಪ್ಪು ಕಾಲಾಳು ಎಂದೋ ಕಳೆದುಹೋಗಿದೆ. ಅದರ ಜಾಗಕ್ಕೆ ಒಂದು ಹುಣಸೆ ಬೀಜ ಇಟ್ಟುಕೊಂಡಿದ್ದೇವೆ. ಅವಳು ಅದನ್ನು ಸಿ7ರಲ್ಲಿ ಇಟ್ಟಳು. ಆ ಬೀಜದ ಮೇಲೆ ನೀವೂ ಒಂದು ಕಣ್ಣಿಟ್ಟಿರಿ.

ಆಡಿದವರು ಯಾರು, ಎಲ್ಲಿ ಅಂತ ಬೇಗ ಹೇಳಿಬಿಡುತ್ತೇನೆ. 1960ರ ನವೆಂಬರ್ 1, ಆಗಿನ ಪೂರ್ವ ಜರ್ಮನಿಯ ಲೈಪ್‌ಜಿಗ್ ನಗರ, ಚೆಸ್ ಒಲಿಂಪಿಯಾಡ್. 40 ದೇಶಗಳ ತಂಡಗಳು ಬಂದಿದ್ದವು. ನಮ್ಮ ಮ್ಯಾನ್ಯುಯಲ್ ಆರನ್ ಇದ್ದ ಭಾರತ ತಂಡವೂ ಅಲ್ಲಿತ್ತು. ಸೋವಿಯತ್ ಒಕ್ಕೂಟದ ಮೊದಲ ಬೋರ್ಡಿನಲ್ಲಿ, ಅಂದರೆ ತಂಡದ ಮುಖ್ಯ ಆಟಗಾರನ ಜಾಗದಲ್ಲಿ, ಮಿಖಾಯಿಲ್ ತಾಲ್, 23 ವರ್ಷ. ಅದೇ ವರ್ಷ ಮೇ ತಿಂಗಳಲ್ಲಿ ಬೋಟ್ವಿನ್ನಿಕ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆಗಿದ್ದರು. ಅಷ್ಟು ಚಿಕ್ಕ ವಯಸ್ಸಿಗೆ ಅಲ್ಲಿಯವರೆಗೆ ಆ ಪಟ್ಟ ಯಾರಿಗೂ ಸಿಕ್ಕಿರಲಿಲ್ಲ. ಅಮೆರಿಕದ ಮೊದಲ ಬೋರ್ಡಿನಲ್ಲಿ ಬಾಬಿ ಫಿಷರ್, 17 ವರ್ಷ. ಹಿಂದಿನ ವರ್ಷ ಯುಗೊಸ್ಲಾವಿಯಾದಲ್ಲಿ, ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ, ಇಬ್ಬರೂ ನಾಲ್ಕು ಸಲ ಎದುರಾಗಿದ್ದರು. ನಾಲ್ಕೂ ಸಲ ತಾಲ್ ಗೆದ್ದಿದ್ದರು. ಆ 4–0 ಹೊತ್ತುಕೊಂಡೇ ಹುಡುಗ ಫಿಷರ್ ಲೈಪ್‌ಜಿಗ್‌ನಲ್ಲಿ ಬಿಳಿ ಕಾಯಿಗಳ ಹಿಂದೆ ಕೂತಿದ್ದು.

ಮುಂದೆ ಹೋಗುವ ಮುಂಚೆ ಮನೆಗಳ ಹೆಸರು. ಬಿಳಿ ಆಟಗಾರನ ಎಡಗೈ ಕಡೆಯಿಂದ ಬಲಕ್ಕೆ ಎಂಟು ಉದ್ದ ಸಾಲುಗಳು: ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಬಿಳಿಯ ಕಡೆಯಿಂದ ಕಪ್ಪಿನ ಕಡೆಗೆ 1ರಿಂದ 8 ಅಡ್ಡ ಸಾಲುಗಳು. ಹಾಗಾಗಿ ಇ4 ಅಂದರೆ ಇ ಸಾಲಿನ ನಾಲ್ಕನೇ ಮನೆ. ಕಾಯಿಗಳ ಹೆಸರು ನಮ್ಮಲ್ಲಿ ಬಳಸುವಂತೆಯೇ: ಮೂಲೆಯಲ್ಲಿ ನಿಂತು ನೇರ ಹೋಗುವುದು ಆನೆ, ಓರೆ ಹೋಗುವುದು ಒಂಟೆ. ರಾಣಿಯನ್ನು ಮಂತ್ರಿ ಅನ್ನುವವರೂ ಇದ್ದಾರೆ. ನಾನು ರಾಣಿ ಅನ್ನುತ್ತೇನೆ. ಮನೆಯಲ್ಲಿ ಮಣೆ ಇದ್ದರೆ ಹರವಿಕೊಂಡು ಓದಿ, ಇನ್ನೂ ಚೆನ್ನಾಗಿರುತ್ತದೆ.

ಫಿಷರ್ ಇ4 ಆಡಿದರು. ತಾಲ್ ಉತ್ತರ ಇ6. ಇದೇ ಫ್ರೆಂಚ್ ಡಿಫೆನ್ಸ್.

ಚೆಸ್‌ನ ಹಳೇ, ಗಟ್ಟಿ ರಕ್ಷಣೆಗಳಲ್ಲಿ ಇದೂ ಒಂದು. 1834ರಿಂದ 1836ರವರೆಗೆ ಲಂಡನ್ ಮತ್ತು ಪ್ಯಾರಿಸ್ ನಗರಗಳ ಆಟಗಾರರು ಪತ್ರ ಬರೆದುಕೊಂಡು ಆಡಿದ ಪಂದ್ಯದಲ್ಲಿ ಪ್ಯಾರಿಸ್‌ನವರು ಇದನ್ನು ಬಳಸಿದರು. ಹೆಸರು ಬಂದಿದ್ದು ಅಲ್ಲಿಂದ. ಇದರ ಯೋಚನೆ ಸರಳ. ಕಪ್ಪು ಮೊದಲು ಕಾಲಾಳನ್ನು ಒಂದೇ ಮನೆ ಮುಂದಿಡುತ್ತದೆ, ಇ6ಕ್ಕೆ. ಮುಂದಿನ ನಡೆಯಲ್ಲಿ ಇನ್ನೊಂದು ಕಾಲಾಳನ್ನು ಡಿ5ಕ್ಕೆ ತಂದು ಬಿಳಿಯ ಇ4 ಕಾಲಾಳಿಗೆ ಸವಾಲು ಹಾಕುತ್ತದೆ. ಡಿ5ರ ಕಾಲಾಳಿಗೆ ಹಿಂದಿನಿಂದ ಇ6ರ ಆಸರೆ ಇದೆ. ಗೋಡೆ ಕಟ್ಟಿ, ಗೋಡೆಯ ಮೇಲೆ ನಿಂತು ಹೊಡೆದ ಹಾಗೆ.

ಆದರೆ ಈ ಗೋಡೆಗೆ ಒಂದು ಬೆಲೆ ಇದೆ. ಸಿ8ರಲ್ಲಿ ಕೂತ ಕಪ್ಪು ಒಂಟೆಗೆ ಹೊರಗೆ ಬರಲು ಇದ್ದ ಓರೆ ದಾರಿಯನ್ನು ಇ6ರ ಕಾಲಾಳು ಮುಚ್ಚಿಬಿಡುತ್ತದೆ. ಫ್ರೆಂಚ್ ಆಡುವ ಪ್ರತಿಯೊಬ್ಬರೂ ಈ ಒಂಟೆಯ ಬಗ್ಗೆ ಗೋಳಾಡಿರುತ್ತಾರೆ. ಕೆಟ್ಟ ಒಂಟೆ ಅಂತಲೇ ಅದಕ್ಕೆ ಹೆಸರು ಬಿದ್ದಿದೆ. ಎಷ್ಟೋ ಆಟಗಳಲ್ಲಿ ಅದು ಕೊನೆಯವರೆಗೂ ತನ್ನದೇ ಕಾಲಾಳುಗಳ ಹಿಂದೆ ಸುಮ್ನೆ ಕೂತಿರುತ್ತದೆ. ಈ ಆಟದಲ್ಲಿ ಅದೇ ಒಂಟೆ ಏನು ಮಾಡಿತು ಅನ್ನುವುದನ್ನು ಆಮೇಲೆ ನೋಡೋಣ.

ಎರಡನೇ ನಡೆ: ಬಿಳಿ ಡಿ4, ಕಪ್ಪು ಡಿ5. ಮೂರನೇ ನಡೆ: ಬಿಳಿ ಕುದುರೆ ಸಿ3ಕ್ಕೆ ಬಂದು ಇ4ರ ಕಾಲಾಳನ್ನು ಕಾಯುತ್ತದೆ. ಆಗ ಕಪ್ಪಿನ ಇನ್ನೊಂದು ಒಂಟೆ, ಎಫ್8ರಲ್ಲಿದ್ದದ್ದು, ಬಿ4ಕ್ಕೆ ಬಂದು ಆ ಕುದುರೆಯನ್ನು ಕಟ್ಟಿಹಾಕುತ್ತದೆ. ಇದನ್ನು ಪಿನ್ ಅನ್ನುತ್ತಾರೆ. ಕುದುರೆ ಅಲ್ಲಾಡಿದರೆ ಹಿಂದಿರುವ ರಾಜನಿಗೆ ಚೆಕ್ ಬೀಳುತ್ತದೆ, ಹಾಗಾಗಿ ಅದು ಕದಲುವ ಹಾಗಿಲ್ಲ. ಈ ದಾರಿಗೆ ಪೋಲೆಂಡಿನ ಆಟಗಾರ ಶಿಮೊನ್ ವಿನಾವರ್ ಅವರ ಹೆಸರಿದೆ. ಆಮೇಲೆ ಇದನ್ನು ಪಳಗಿಸಿ ದೊಡ್ಡ ಆಯುಧ ಮಾಡಿಕೊಂಡವರಲ್ಲಿ ಬೋಟ್ವಿನ್ನಿಕ್ ಮುಖ್ಯರು. 1960ರ ವಿಶ್ವ ಪಟ್ಟದ ಪಂದ್ಯದ ಮೊದಲ ಆಟದಲ್ಲೇ ಬೋಟ್ವಿನ್ನಿಕ್ ವಿನಾವರ್ ಆಡಿದ್ದರು, ತಾಲ್ ಅದನ್ನು ಬಿಳಿ ಕಡೆಯಿಂದ ಒಡೆದು ಗೆದ್ದಿದ್ದರು. ಕೆಲವೇ ತಿಂಗಳ ನಂತರ ಲೈಪ್‌ಜಿಗ್‌ನಲ್ಲಿ ತಾಲ್ ಅದೇ ವಿನಾವರ್‌ನ ಕಪ್ಪು ಕಡೆ ಹಿಡಿದರು. ಎರಡೂ ದಡ ನೋಡಿದವರ ಧೈರ್ಯ ಅದು.

ನಾಲ್ಕನೇ ನಡೆ: ಬಿಳಿ ಕಾಲಾಳು ಇ5ಕ್ಕೆ ನುಗ್ಗುತ್ತದೆ, ಕಪ್ಪು ಸಿ5 ಅಂತ ಪಕ್ಕದಿಂದ ಕೊರೆಯಲು ಶುರು ಮಾಡುತ್ತದೆ. ಹುಣಸೆ ಬೀಜ ಹೊರಟಿತು. ಐದನೇ ನಡೆ: ಬಿಳಿ ಎ3. ಒಂಟೆಗೆ ಕೇಳುತ್ತಿದೆ, ಹೊಡೆಯುತ್ತೀಯೋ, ಹೋಗುತ್ತೀಯೋ ಅಂತ. ಹೆಚ್ಚಿನವರು ಇಲ್ಲಿ ಒಂಟೆಯಿಂದ ಸಿ3ರ ಕುದುರೆಯನ್ನು ಹೊಡೆಯುತ್ತಾರೆ. ತಾಲ್ ಹೊಡೆಯಲಿಲ್ಲ. ಒಂಟೆಯನ್ನು ಎ5ಕ್ಕೆ ಸರಿಸಿದರು. ಪಿನ್ ಹಾಗೇ ಉಳಿಯಿತು, ಜಗಳವೂ ಉಳಿಯಿತು. ಆರನೇ ನಡೆ: ಫಿಷರ್ ಬಿ4 ಆಡಿ ಒಂಟೆಯನ್ನು ಮತ್ತೆ ಅಟ್ಟಿದರು. ತಾಲ್ ಒಂಟೆಯನ್ನು ಅಲ್ಲೇ ಬಿಟ್ಟು, ಸಿ5ರ ಕಾಲಾಳಿನಿಂದ ಡಿ4ರ ಕಾಲಾಳನ್ನು ಹೊಡೆದರು. ನೀನು ನನ್ನ ಒಂಟೆ ತಿಂದರೆ ನಾನು ನಿನ್ನ ಕುದುರೆ ತಿನ್ನುತ್ತೇನೆ ಅನ್ನುವ ಮಾತು.

ಈಗ ಫಿಷರ್ ರಾಣಿಯನ್ನು ಜಿ4ಕ್ಕೆ ತಂದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಪ್ಪು ಒಂಟೆ ಎಫ್8ನಲ್ಲಿ ಇದ್ದಿದ್ದರೆ ಜಿ7ರ ಕಾಲಾಳಿಗೆ ಕಾವಲು ಇರುತ್ತಿತ್ತು. ಅದು ಎ5ಕ್ಕೆ ಹೋಗಿ ಕೂತಿದೆ. ಮನೆ ಯಜಮಾನ ಸಂತೆಗೆ ಹೋದಾಗ ಹಿತ್ತಲ ಬಾಗಿಲು ತೆರೆದಿರುವ ಹಾಗೆ ಜಿ7 ತೆರೆದಿದೆ. ತಾಲ್ ಆ ಬಾಗಿಲು ಮುಚ್ಚುವ ಪ್ರಯತ್ನವನ್ನೇ ಮಾಡಲಿಲ್ಲ. ಕುದುರೆಯನ್ನು ಇ7ಕ್ಕೆ ತಂದರು, ಅಷ್ಟೇ.

ಆಮೇಲೆ ಲೂಟಿ. ಎಂಟನೇ ನಡೆಯಲ್ಲಿ ಬಿಳಿ ಕಾಲಾಳು ಎ5ರ ಒಂಟೆಯನ್ನು ತಿಂದಿತು, ಕಪ್ಪು ಕಾಲಾಳು ಸಿ3ರ ಕುದುರೆಯನ್ನು ತಿಂದಿತು. ನಮ್ಮ ಹುಣಸೆ ಬೀಜ ಸಿ3ಕ್ಕೆ ಬಂದು ಕೂತಿತು. ಒಂಬತ್ತರಲ್ಲಿ ಬಿಳಿ ರಾಣಿ ಜಿ7ರ ಕಾಲಾಳನ್ನು ತಿಂದಿತು, ಕಪ್ಪು ಆನೆ ಜಿ8ಕ್ಕೆ ಬಂತು. ಹತ್ತರಲ್ಲಿ ರಾಣಿ ಎಚ್7ರ ಕಾಲಾಳನ್ನೂ ತಿಂದಿತು.

"ಬಿಳಿಗೆ ಜಾಸ್ತಿ ಸಿಕ್ತು ಅಲ್ವಾ?" ಅಂದಳು ಅಕ್ಕನ ಮಗಳು. ಹೌದು, ಒಂದು ಕಾಲಾಳು ಜಾಸ್ತಿ. ಆದರೆ ಜಿ ಸಾಲನ್ನು ನೋಡು ಅಂದೆ. ಕಪ್ಪಿನ ಜಿ ಕಾಲಾಳು ಹೋಗಿದ್ದರಿಂದ ಜಿ8ರ ಆನೆಗೆ ನೇರ ಜಿ2ರವರೆಗೆ ರಸ್ತೆ ಬಿದ್ದಿದೆ. ಬಿಳಿ ರಾಜ ಬಲಗಡೆ ಮನೆ ಮಾಡಿದರೆ ಆ ರಸ್ತೆ ಅವನ ಬಾಗಿಲಿಗೇ ಬರುತ್ತದೆ. ಕಾಲಾಳು ಕೊಟ್ಟು ರಸ್ತೆ ಕೊಂಡುಕೊಂಡ ವ್ಯಾಪಾರ ಇದು.

ಈ ದಾರಿಯನ್ನು ಇದಕ್ಕೆ ಮುಂಚೆ ದೊಡ್ಡವರು ತುಳಿದಿದ್ದರು. 1954ರ ವಿಶ್ವ ಪಟ್ಟದ ಪಂದ್ಯದ ಒಂಬತ್ತನೇ ಆಟದಲ್ಲಿ ಸ್ಮಿಸ್ಲೋವ್ ಎದುರು ಬೋಟ್ವಿನ್ನಿಕ್ ಇದೇ ಹತ್ತು ನಡೆ ಆಡಿ, ಆಮೇಲೆ ಬಿ8ರ ಕುದುರೆಯನ್ನು ಡಿ7ಕ್ಕೆ ಇಟ್ಟು, 25 ನಡೆಗೆ ಸೋತಿದ್ದರು. ತಾಲ್ ಅದೇ ಕುದುರೆಯನ್ನು ಸಿ6ಕ್ಕೆ ತಂದರು. ಒಂದು ಮನೆ ಆಚೆ, ಅಷ್ಟೇ ವ್ಯತ್ಯಾಸ. ಅಲ್ಲಿಂದಲೂ ಕುದುರೆ ಇ5ರ ಕಾಲಾಳಿನ ಮೇಲೆ ಕಣ್ಣಿಡುತ್ತದೆ, ಮತ್ತು ಇಡೀ ಆಟ ಆ ಇ5ರ ಸುತ್ತಲೇ ತಿರುಗಲಿದೆ.

ಮುಂದಿನ ಮೂರು ನಡೆ ಎರಡೂ ಕಡೆ ಸೈನ್ಯ ಜೋಡಿಸುವ ಕೆಲಸ. ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ರಾಣಿ ಸಿ7ಕ್ಕೆ. ಬಿಳಿ ಒಂಟೆ ಬಿ5ಕ್ಕೆ ಬಂದು ಸಿ6ರ ಕುದುರೆಯನ್ನು ಕಟ್ಟಿತು. ಕಪ್ಪಿನ ಆ ಕೆಟ್ಟ ಒಂಟೆ ಸಿ8ರಿಂದ ಡಿ7ಕ್ಕೆ ಒಂದೇ ಹೆಜ್ಜೆ ಇಟ್ಟು ಕಟ್ಟು ಬಿಡಿಸಿತು. ಹದಿಮೂರನೇ ನಡೆಗೆ ಇಬ್ಬರೂ ಕ್ಯಾಸ್ಲಿಂಗ್ ಮಾಡಿದರು, ಅಂದರೆ ಒಂದೇ ನಡೆಯಲ್ಲಿ ರಾಜನನ್ನು ಪಕ್ಕಕ್ಕೆ ಸರಿಸಿ ಆನೆಯನ್ನು ಅವನ ಇನ್ನೊಂದು ಬದಿಗೆ ತಂದರು. ಬಿಳಿ ರಾಜ ಬಲಕ್ಕೆ ಜಿ1ರಲ್ಲಿ, ಕಪ್ಪು ರಾಜ ಎಡಕ್ಕೆ ಸಿ8ರಲ್ಲಿ.

ಹದಿನಾಲ್ಕನೇ ನಡೆಯಲ್ಲಿ ಫಿಷರ್ ತಮ್ಮ ಇನ್ನೊಂದು ಒಂಟೆಯನ್ನು ಜಿ5ಕ್ಕೆ ತಂದರು. ನೋಡಲು ತುಂಬ ಸಹಜವಾದ ನಡೆ. ಮನೆಯಲ್ಲಿ ಕೂತಿದ್ದ ಕಾಯಿ ಹೊರಗೆ ಬಂತು, ಇ7ರ ಕುದುರೆಯ ಮೇಲೆ ಒತ್ತಡ ಬಿತ್ತು, ಜಿ ಸಾಲಿನ ರಸ್ತೆಗೂ ಅಡ್ಡ ನಿಂತ ಹಾಗಾಯಿತು. ಆದರೆ ಅದಕ್ಕೆ ಮುಂಚೆ ಬಿ5ರ ಒಂಟೆಯಿಂದ ಸಿ6ರ ಕುದುರೆಯನ್ನು ಹೊಡೆದುಬಿಟ್ಟಿದ್ದರೆ ಇ5ರ ಮೇಲಿನ ಒತ್ತಡ ಅರ್ಧ ಇಳಿಯುತ್ತಿತ್ತು. ನನ್ನ ಮಟ್ಟಿಗೆ ಇಡೀ ಆಟದ ತಿರುವು ಅಲ್ಲೇ ಇದೆ.

ಯಾಕೆಂದರೆ ಈಗ ತಾಲ್ ಕುದುರೆ ಸಿ6ರಿಂದ ಹಾರಿ ಇ5ರ ಕಾಲಾಳನ್ನು ತಿಂದಿತು.

ಆ ಕುದುರೆಯನ್ನು ಬಿಳಿ ಕುದುರೆ ತಿನ್ನಬಹುದು. ಮತ್ತೆ ತಾಲ್ ಯಾಕೆ ಕೊಟ್ಟರು? ಕುದುರೆ ಸಿ6ರಿಂದ ಎದ್ದ ಕೂಡಲೇ ಅದರ ಹಿಂದೆ ಡಿ7ರಲ್ಲಿ ಕೂತಿದ್ದ ಕೆಟ್ಟ ಒಂಟೆಗೂ ಬಿ5ರ ಬಿಳಿ ಒಂಟೆಗೂ ನಡುವೆ ಇದ್ದ ಪರದೆ ಸರಿದುಹೋಯಿತು. ಎರಡು ಒಂಟೆ ಮುಖಾಮುಖಿ. ಬಿಳಿ ತಾನೇ ಮುಂದಾಗಿ ಡಿ7ರ ಒಂಟೆಯನ್ನು ಚೆಕ್ ಕೊಟ್ಟು ಹೊಡೆಯಬಹುದಿತ್ತು. ಆ ದಾರಿ ಹಿಡಿದು ಇ5, ಇ7ರಲ್ಲಿ ಸಿಗುವುದನ್ನೆಲ್ಲ ತಿನ್ನುತ್ತ ಹೋದರೆ ಕೊನೆಗೆ ಕಪ್ಪು ಆನೆ ಜಿ8ರಿಂದ ಎಚ್8ಕ್ಕೆ ಸರಿದು ಬಿಳಿ ರಾಣಿಯ ಕುತ್ತಿಗೆಗೆ ಬರುತ್ತದೆ. ರಾಣಿ ಓಡಿದರೆ ಎಚ್2ರಲ್ಲಿ ಮೇಟ್. ಬಿಳಿ ಅಲ್ಲಿಂದಲೂ ಬಚಾವಾಗಬಹುದು, ಆದರೆ ಆಟ ಕಪ್ಪಿಗೆ ಹಿತವಾಗಿರುತ್ತದೆ. ಫಿಷರ್ ಆ ಕಡೆ ಹೋಗಲಿಲ್ಲ. ಕುದುರೆಯಿಂದ ಕುದುರೆಯನ್ನು ತಿಂದರು. ಕೆಟ್ಟ ಒಂಟೆ ಬಿ5ರ ಒಂಟೆಯನ್ನು ತಿಂದಿತು.

ಇಲ್ಲಿ ನಾನು ಕೈ ತೆಗೆದು, ಬಿಳಿಯ ಯಾವ ಯಾವ ಕಾಯಿಗೆ ಅಪಾಯ ಇದೆ ಹೇಳು ಅಂದೆ. ಅವಳು ಬೆರಳಿಟ್ಟು ಎಣಿಸಿದಳು. ಇ5ರ ಕುದುರೆಯ ಮೇಲೆ ಕಪ್ಪು ರಾಣಿ. "ಇದು ಹೋಯ್ತು." ಜಿ5ರ ಒಂಟೆಯ ಮೇಲೆ ಕಪ್ಪು ಆನೆ. "ಇದೂ ಹೋಯ್ತು." ಬಿ5ರಿಂದ ಓರೆ ಗೆರೆ ಎಳೆದರೆ ಎಫ್1ರ ಬಿಳಿ ಆನೆ. "ಅಯ್ಯೋ, ಇದೂನಾ!" ಒಂದೇ ಸಲಕ್ಕೆ ಮೂರು ಕಾಯಿ. ಒಂದು ನಡೆಯಲ್ಲಿ ಮೂರನ್ನೂ ಉಳಿಸಲು ಯಾರಿಂದಲೂ ಆಗುವುದಿಲ್ಲ.

ಫಿಷರ್ ಉಳಿಸಲು ಹೋಗಲೇ ಇಲ್ಲ. ಹದಿನಾರನೇ ನಡೆಯಲ್ಲಿ ಇ5ರ ಕುದುರೆ ಎಫ್7ಕ್ಕೆ ಹಾರಿ ಅಲ್ಲಿದ್ದ ಕಾಲಾಳನ್ನು ತಿಂದಿತು. ಆ ಮನೆಯ ಬೆಲೆ ನೋಡಿ. ಅಲ್ಲಿಂದ ಕುದುರೆ ಡಿ8ರ ಕಪ್ಪು ಆನೆಗೆ ಗುರಿ ಇಡುತ್ತದೆ. ಅಲ್ಲಿಂದಲೇ ಜಿ5ರ ಒಂಟೆಯನ್ನೂ ಕಾಯುತ್ತದೆ. ಎಚ್7ರ ರಾಣಿ ಪಕ್ಕದಿಂದ ಕುದುರೆಯನ್ನು ಕಾಯುತ್ತದೆ. ಓಡಿಹೋಗಬೇಕಾದ ಕಾಯಿ ತಾನೇ ಹೊಡೆಯಲು ನಿಂತಿತು.

ಇಲ್ಲಿಂದ ಮುಂದಿನದು ಚಕಚಕ ನಡೆಯುತ್ತದೆ. ಕೆಟ್ಟ ಒಂಟೆ ಬಿ5ರಿಂದ ಇಡೀ ಮಣೆ ದಾಟಿ ಎಫ್1ರ ಆನೆಯನ್ನು ತಿಂದಿತು. ಬಿಳಿ ಕುದುರೆ ಡಿ8ರ ಆನೆಯನ್ನು ತಿಂದಿತು. ಕುದುರೆ ಎಫ್7 ಬಿಟ್ಟ ಮೇಲೆ ಜಿ5ರ ಒಂಟೆಗೆ ಕಾವಲಿಲ್ಲ, ಕಪ್ಪು ಆನೆ ಅದನ್ನು ತಿಂದಿತು. ಬಿಳಿ ಕುದುರೆ ಡಿ8ರಿಂದ ಇ6ಕ್ಕೆ ಬಂದು ಅಲ್ಲಿನ ಕಾಲಾಳನ್ನು ತಿಂದಿತು. ಈಗ ಅದು ಸಿ7ರ ರಾಣಿಗೂ ಜಿ5ರ ಆನೆಗೂ ಒಟ್ಟಿಗೆ ಗುರಿ ಇಟ್ಟಿದೆ. ಇದನ್ನು ಫೋರ್ಕ್ ಅನ್ನುತ್ತಾರೆ. ರಾಣಿಯನ್ನು ಉಳಿಸಿದರೆ ಆನೆ ಹೋಗುತ್ತದೆ.

ಹಾಗಂತ ಅನ್ನಿಸುತ್ತದೆ. ತಾಲ್ ಆನೆಯಿಂದ ಜಿ2ರ ಕಾಲಾಳನ್ನು ತಿಂದು ಚೆಕ್ ಕೊಟ್ಟರು. ಹತ್ತನೇ ನಡೆಯಲ್ಲಿ ಕೊಂಡ ರಸ್ತೆ ಈಗ ಉಪಯೋಗಕ್ಕೆ ಬಂತು. ಚೆಕ್ ಬಿದ್ದರೆ ಬೇರೆ ಏನೇ ಆಸೆ ಇದ್ದರೂ ಮೊದಲು ರಾಜನನ್ನು ಉಳಿಸಿಕೊಳ್ಳಬೇಕು.

ಬಿಳಿ ರಾಜನಿಗೆ ಎರಡು ದಾರಿ. ಎಫ್1ರ ಒಂಟೆಯನ್ನು ತಿನ್ನಬಹುದು. ಅಥವಾ ಎಚ್1ರ ಮೂಲೆಗೆ ಹೋಗಬಹುದು. ಜಿ2ರ ಆನೆಯನ್ನು ತಿನ್ನುವ ಹಾಗಿಲ್ಲ, ಎಫ್1ರಿಂದ ಕೆಟ್ಟ ಒಂಟೆ ಅದನ್ನು ಕಾಯುತ್ತಿದೆ.

"ಒಂಟೆ ತಿನ್ನಬೇಕು ಮಾಮ, ಫ್ರೀಯಾಗಿ ಸಿಗ್ತಿದೆ!" ಅವಳ ಕೈ ಆಗಲೇ ರಾಜನ ಮೇಲಿತ್ತು. ಆಡು ಅಂದೆ. ರಾಜ ಒಂಟೆಯನ್ನು ತಿಂದಿತು. ನಾನು ಕಪ್ಪು ಆನೆಯನ್ನು ಜಿ2ರಿಂದ ಎಚ್2ಕ್ಕೆ ಸರಿಸಿ ಅಲ್ಲಿದ್ದ ಕಾಲಾಳನ್ನು ತಿಂದೆ. ಸುಮ್ನೆ ಒಂದು ಮನೆ ಪಕ್ಕಕ್ಕೆ. ಈಗ ಆ ಆನೆ ಎಚ್ ಸಾಲಿನುದ್ದಕ್ಕೂ ಬಿಳಿ ರಾಣಿಯನ್ನು ನೋಡುತ್ತಿದೆ. ರಾಣಿಯಿಂದ ಆನೆಯನ್ನು ತಿಂದರೆ, ಸಿ7ರಿಂದ ಕಪ್ಪು ರಾಣಿ ಓರೆಯಾಗಿ ಬಂದು ಆ ರಾಣಿಯನ್ನು ತಿನ್ನುತ್ತದೆ. ಕುದುರೆಯಿಂದ ಕಪ್ಪು ರಾಣಿಯನ್ನು ತಿಂದರೆ, ಆನೆ ಬಿಳಿ ರಾಣಿಯನ್ನು ತಿನ್ನುತ್ತದೆ. ಅಲ್ಲಿಗೂ ಮುಗಿಯಲಿಲ್ಲ. ಸಿ7ಕ್ಕೆ ಬಂದ ಕುದುರೆಯ ಪಕ್ಕದಲ್ಲೇ ಕಪ್ಪು ರಾಜ ಇದೆ. ಕುದುರೆಯನ್ನು ಉಳಿಸಲು ಹೋದರೆ ಕಪ್ಪು ಆನೆ ಎಚ್1ಕ್ಕೆ ಬಂದು ಚೆಕ್ ಕೊಟ್ಟು ಎ1ರ ಆನೆಯನ್ನು ಹೊಡೆಯುತ್ತದೆ. ಅವಳು ಮಣೆಯನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಆಮೇಲೆ ಕಾಯಿಗಳನ್ನು ತಾನೇ ಹಿಂದಕ್ಕಿಟ್ಟು, ರಾಜನನ್ನು ಎಚ್1ಕ್ಕೆ ಸರಿಸಿದಳು.

ಫಿಷರ್ ಆಡಿದ್ದೂ ಅದನ್ನೇ. ರಾಜ ಎಚ್1. ಯಾವ ಕಾಯಿಯನ್ನೂ ತಿನ್ನದ, ಮೂಲೆಗೆ ಸರಿಯುವ ನಡೆ. ಸಿಗುತ್ತಿರುವ ಒಂಟೆಯನ್ನು ಬಿಟ್ಟು ಮೂಲೆಗೆ ಹೋಗಲು ಎಷ್ಟು ಹಿಡಿತ ಬೇಕು ಯೋಚಿಸಿ. ಎದುರಿಗೆ ವಿಶ್ವ ಚಾಂಪಿಯನ್, ಹಿಂದೆ ನಾಲ್ಕು ಸೋಲು, ವಯಸ್ಸು 17.

ತಾಲ್ ಕೂಡ ಅಷ್ಟೇ ತಣ್ಣಗೆ ಉತ್ತರಿಸಿದರು. ಕುದುರೆಯ ಬಾಯಿಗೆ ಸಿಕ್ಕಿದ್ದ ರಾಣಿಯನ್ನು ಇ5ಕ್ಕೆ ಸರಿಸಿದರು. ಅಲ್ಲಿಂದ ಅದು ಇ6ರ ಕುದುರೆಯ ಮೇಲೆ ಎರಗಿ ನಿಂತಿತು. ಇಪ್ಪತ್ತನೇ ನಡೆ: ಬಿಳಿ ಆನೆ ಎ1ರಿಂದ ಬಂದು ಎಫ್1ರ ಒಂಟೆಯನ್ನು ತಿಂದಿತು. ಕೆಟ್ಟ ಒಂಟೆಯ ಪ್ರಯಾಣ ಅಲ್ಲಿಗೆ ಮುಗಿಯಿತು. ಒಂದು ಒಂಟೆ, ಒಂದು ಆನೆ ತಿಂದು, ಜಿ2ರಲ್ಲಿ ತನ್ನ ಆನೆಯನ್ನು ಕಾದು ಹೋಯಿತು. ಕಪ್ಪು ರಾಣಿ ಇ6ರ ಕುದುರೆಯನ್ನು ತಿಂದಿತು. ಇಪ್ಪತ್ತೊಂದು: ಕಾವಲಿಲ್ಲದ ಜಿ2ರ ಆನೆಯನ್ನು ಬಿಳಿ ರಾಜ ತಾನೇ ತಿಂದಿತು. ಕಪ್ಪು ರಾಣಿ ಜಿ4ಕ್ಕೆ, ಚೆಕ್.

ತಾಲ್ ಇ5ರ ಕಾಲಾಳನ್ನು ತಿಂದಲ್ಲಿಂದ ಫಿಷರ್‌ನ ರಾಜ ಆನೆಯನ್ನು ತಿಂದಲ್ಲಿಯವರೆಗೆ ಎರಡೂ ಕಡೆ ಸೇರಿ 14 ನಡೆ. ಅದರಲ್ಲಿ 12 ನಡೆ ಹೊಡೆತ. ಹೊಡೆಯದೇ ಆಡಿದ್ದು ಎರಡೇ, ರಾಜ ಎಚ್1 ಮತ್ತು ರಾಣಿ ಇ5. ಎಂಟು ದೊಡ್ಡ ಕಾಯಿ, ನಾಲ್ಕು ಕಾಲಾಳು ಮಣೆಯಿಂದ ಇಳಿದವು. ಇದನ್ನು ಏನೂ ಆಗದ ಆಟ ಅನ್ನಲಿಕ್ಕೆ ಆಗುತ್ತದಾ?

ಈಗ ಮೊದಲ ಪ್ರಶ್ನೆಗೆ ಬರೋಣ. ಬಿಳಿ ಮುಂದಿದೆ. ಮತ್ತೆ ಯಾಕೆ ಗೆಲ್ಲಲಿಲ್ಲ?

ಬಿಳಿ ರಾಜ ಜಿ2ರಲ್ಲಿದೆ, ಜಿ4ರಿಂದ ರಾಣಿಯ ಚೆಕ್. ಸುತ್ತಲ ಮನೆಗಳನ್ನು ಒಂದೊಂದಾಗಿ ನೋಡಿ. ಎಫ್1, ಎಫ್2, ಎಚ್2ರಲ್ಲಿ ತನ್ನವೇ ಕಾಯಿಗಳು. ಎಫ್3, ಜಿ3, ಎಚ್3 ಮೂರೂ ರಾಣಿಯ ಹಿಡಿತದಲ್ಲಿವೆ. ಜಿ1ಕ್ಕೆ ಹೋದರೂ ಅದೇ ಜಿ ಸಾಲು, ಚೆಕ್ ತಪ್ಪುವುದಿಲ್ಲ. ಉಳಿದದ್ದು ಎಚ್1 ಒಂದೇ. ರಾಜ ಅಲ್ಲಿಗೆ ಹೋದರೆ ರಾಣಿ ಎಫ್3ಕ್ಕೆ ಬಂದು ಓರೆಯಿಂದ ಚೆಕ್. ಈಗ ಜಿ1 ಒಂದೇ ದಾರಿ. ಅಲ್ಲಿಗೆ ಹೋದರೆ ರಾಣಿ ಮತ್ತೆ ಜಿ4, ಚೆಕ್. ಮತ್ತೆ ಎಚ್1. ಮತ್ತೆ ಎಫ್3. ಅಡ್ಡ ಹಾಕಲು ಬಿಳಿಗೆ ಕಾಯಿಯೇ ಇಲ್ಲ. ಎಚ್7ರಲ್ಲಿ ಕೂತ ಬಿಳಿ ರಾಣಿ ದೂರದಿಂದ ನೋಡುತ್ತ ಇರಬೇಕು. ಜಿ7, ಎಚ್7ರ ಕಾಲಾಳು ತಿನ್ನಲು ಹತ್ತನೇ ನಡೆಗೆ ಅಲ್ಲಿಗೆ ಹೋದ ರಾಣಿ ಆಮೇಲೆ ಅಲ್ಲಿಂದ ಕದಲಲೇ ಇಲ್ಲ.

ಹೀಗೆ ನಿಲ್ಲದ ಚೆಕ್‌ಗೆ ಪರ್ಪೆಚುಯಲ್ ಚೆಕ್ ಅನ್ನುತ್ತಾರೆ. ನಿಯಮದ ಪ್ರಕಾರ ಡ್ರಾ ಆಗುವುದು ಬೇರೆ ಬೇರೆ ರೀತಿಯಲ್ಲಿ. ಒಂದೇ ಸ್ಥಿತಿ ಮೂರು ಸಲ ಬಂದರೆ ಆಟಗಾರ ಡ್ರಾ ಕೇಳಬಹುದು. 50 ನಡೆ ಯಾವ ಕಾಲಾಳೂ ಕದಲದೆ, ಯಾವ ಕಾಯಿಯೂ ಹೋಗದೆ ಇದ್ದರೂ ಕೇಳಬಹುದು. ಚೆಕ್ ಇಲ್ಲದಿದ್ದರೂ ಆಡಲು ನಡೆಯೇ ಇಲ್ಲದಿದ್ದರೆ ಅದು ಸ್ಟೇಲ್‌ಮೇಟ್. ಯಾರೂ ಮೇಟ್ ಕೊಡಲಾಗದಷ್ಟು ಕಮ್ಮಿ ಕಾಯಿ ಉಳಿದರೂ ಡ್ರಾ. ಇನ್ನೊಂದು ಪರಸ್ಪರ ಒಪ್ಪಿಗೆ. ಫಿಷರ್ ಮತ್ತು ತಾಲ್ ಮೂರು ಸಲ ಸುತ್ತುವವರೆಗೆ ಕಾಯಲಿಲ್ಲ. ಇಬ್ಬರಿಗೂ ಕಾಣುತ್ತಿತ್ತು, ಒಪ್ಪಿಕೊಂಡರು.

ಒಪ್ಪಿಗೆಯ ಡ್ರಾಗಳಿಗೆ ಕೆಟ್ಟ ಹೆಸರು ಬಂದಿರುವುದು ಸುಳ್ಳಲ್ಲ. ಹತ್ತು ಹನ್ನೆರಡು ನಡೆ ಆಡಿ, ಕಾಯಿಗಳು ಮುಟ್ಟಿಕೊಳ್ಳುವ ಮುಂಚೆಯೇ ಕೈಕುಲುಕಿ ಎದ್ದುಹೋಗುವುದು ದೊಡ್ಡ ಟೂರ್ನಿಗಳಲ್ಲೂ ನಡೆಯುತ್ತಿತ್ತು. ದುಡ್ಡು, ಸಮಯ ಕೊಟ್ಟು ನೋಡಲು ಬಂದವರಿಗೆ ಅದು ಅನ್ಯಾಯ ಅಂತಲೇ ನಾನು ಅನ್ನುತ್ತೇನೆ. ಅದನ್ನು ತಡೆಯಲು 2005ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಡೆದ ಟೂರ್ನಿಯಲ್ಲಿ ಆಟಗಾರರು ತಮ್ಮತಮ್ಮಲ್ಲೇ ಡ್ರಾ ಮಾಡಿಕೊಳ್ಳುವ ಹಾಗಿಲ್ಲ ಅಂತ ನಿಯಮ ತಂದರು. ಅದಕ್ಕೆ ಸೋಫಿಯಾ ನಿಯಮ ಅಂತಲೇ ಹೆಸರು ನಿಂತಿತು. ಇಂತಿಷ್ಟು ನಡೆ ಆಗುವವರೆಗೆ ಡ್ರಾ ಮಾತೆತ್ತಬಾರದು ಅಂತ ನಿಯಮ ಮಾಡಿದ ಟೂರ್ನಿಗಳೂ ಇವೆ. ಆದರೆ ನಡೆಗಳ ಸಂಖ್ಯೆಯೊಂದೇ ಅಳತೆ ಆಗಲಾರದು. ಲೈಪ್‌ಜಿಗ್‌ನ ಈ ಆಟ ಮುಗಿದಿದ್ದು 21ಕ್ಕೆ, ಅಷ್ಟರೊಳಗೆ ಇಬ್ಬರೂ ತಮ್ಮ ಹತ್ತಿರ ಇದ್ದದ್ದನ್ನೆಲ್ಲ ಮಣೆಗೆ ಹಾಕಿದ್ದರು. ಕೊನೆಯ ಹೊಡೆದಾಟದಲ್ಲಿ ಒಂದು ನಡೆ ತಪ್ಪಿದರೂ ಸೋಲುವ ಅಪಾಯ ಇತ್ತು. ಹತ್ತೊಂಬತ್ತನೇ ನಡೆಯಲ್ಲಿ ರಾಜ ಒಂಟೆಯನ್ನು ತಿಂದಿದ್ದರೆ ಫಿಷರ್ ಸೋಲುತ್ತಿದ್ದರು. ಕೊನೆಗೆ ಜಿ4ರ ಚೆಕ್ ಇರದಿದ್ದರೆ, ಬಿಳಿಯ ಆನೆಗೆ ಎದುರಾಗಿ ಬರೀ ಕುದುರೆ ಉಳಿದ ತಾಲ್ ಸೋಲುತ್ತಿದ್ದರು. ಆ ಹೊಡೆದಾಟದಲ್ಲಿ ಇಬ್ಬರೂ ತಪ್ಪದೆ ಆಡಿದ್ದರಿಂದ ತಕ್ಕಡಿ ಸಮ ನಿಂತಿತು.

ಆ ಒಲಿಂಪಿಯಾಡ್‌ನಲ್ಲಿ ಚಿನ್ನ ಸೋವಿಯತ್ ತಂಡಕ್ಕೆ, ಬೆಳ್ಳಿ ಅಮೆರಿಕಕ್ಕೆ. 1961ರಲ್ಲಿ ಬೋಟ್ವಿನ್ನಿಕ್ ಮರುಪಂದ್ಯ ಗೆದ್ದು ಪಟ್ಟವನ್ನು ತಾಲ್ ಕೈಯಿಂದ ವಾಪಸ್ ಪಡೆದರು. ಅದೇ ವರ್ಷ ಬ್ಲೆಡ್ ಟೂರ್ನಿಯಲ್ಲಿ ಫಿಷರ್ ಕೊನೆಗೂ ತಾಲ್ ಅವರನ್ನು ಸೋಲಿಸಿದರು. ಆಮೇಲೆ 1969ರಲ್ಲಿ ಫಿಷರ್ ತಮಗೆ ಮರೆಯಲಾಗದ 60 ಆಟಗಳನ್ನು ಆರಿಸಿ ಪುಸ್ತಕ ತಂದಾಗ ಈ ಡ್ರಾವನ್ನೂ ಸೇರಿಸಿದರು. ಗೆಲುವನ್ನು ಬಿಟ್ಟರೆ ಬೇರೇನೂ ಬೇಡ ಅನ್ನುವಂತೆ ಆಡುತ್ತಿದ್ದ ಮನುಷ್ಯ ಅವರು. ಅಂಥವರು ತಮ್ಮ 60ರಲ್ಲಿ 9 ಡ್ರಾಗಳಿಗೆ ಜಾಗ ಕೊಟ್ಟಿದ್ದಾರೆ.

ಅಕ್ಕನ ಮಗಳು ಕೊನೆಯ ಸ್ಥಿತಿಯನ್ನು ಬಹಳ ಹೊತ್ತು ನೋಡಿದಳು. ಜಿ1, ಎಚ್1, ಜಿ1, ಎಚ್1 ಅಂತ ಬಿಳಿ ರಾಜನನ್ನು ಅಲ್ಲಿಂದಿಲ್ಲಿಗೆ ತಳ್ಳಿ ನೋಡಿದಳು. ಎಲ್ಲಾದರೂ ತಪ್ಪಿಸಿಕೊಳ್ಳಲು ಸಂದಿ ಇದೆಯಾ ಅಂತ ಹುಡುಕಿದಳು. ಸಿಗಲಿಲ್ಲ. ಹುಣಸೆ ಬೀಜ ಇನ್ನೂ ಸಿ3ರಲ್ಲೇ ಕೂತಿತ್ತು. ಆಮೇಲೆ ತನ್ನ ಟೂರ್ನಿಯ ಸ್ಕೋರ್ ಶೀಟ್ ತಂದು, ಡ್ರಾ ಆದ ಎರಡು ಆಟಗಳಲ್ಲಿ ಮೊದಲನೆಯದನ್ನು ನನ್ನ ಮುಂದೆ ಇಟ್ಟಳು.

"ಇದನ್ನ ಆಮೇಲೆ ನೋಡೋಣ ಮಾಮ," ಅಂದಳು. "ಮೊದಲು ಹದಿನಾಲ್ಕನೇ ನಡೆಯಿಂದ ಮತ್ತೆ ಇಡು. ಬಿಳಿ ನನ್ನದು. ನಾನು ಸಿ6ರ ಕುದುರೆ ಹೊಡೀತೀನಿ."